ಅರ್ಧ ಪುಟದ ಮಹಜರು

"ಜವಾಬ್ದಾರಿಯುಳ್ಳವಳು ಅಂತ ನಿನಗೆ ನೀನೇ ಬರ್ಕೊಂಡ್ರೆ ಮುಗೀತಾ? ನೋಡಿದೋರು ಯಾರು?"

"ನೋಡೋಕೆ ಅದೇನು ಗೋಡೇನಾ ಮಾಮ? ಎಲ್ಲರೂ ಹಂಗೇ ಬರೀತಾರೆ."

"ಎಲ್ಲರೂ ಬರೀತಾರೆ ಅಂದ್ರೆ ಎಲ್ಲರೂ ಸುಳ್ಳು ಬರೀತಾರೆ ಅಂತ ಅರ್ಥ. ನಿನ್ನ ಹಾಳೇನ ಹಿಂಗೇ ತಗೊಂಡು ಹೋದ್ರೆ ಅವರು ಅದ್ರಲ್ಲಿ ಕೈ ಒರೆಸ್ಕೊಂಡು ಕಳಿಸ್ತಾರೆ."

ಜಗಳ ಶುರುವಾಗಿ ಅರ್ಧ ಗಂಟೆಯಾಗಿತ್ತು. ಅಡುಗೆಮನೆಯ ಮೇಜಿನ ಈ ಕಡೆ ಮಾಮ, ಆ ಕಡೆ ಅವನ ಅಕ್ಕನ ಮಗಳು, ನಡುವೆ ಒಂದು ಹಾಳೆ. ಹಾಳೆಯ ಮೇಲರ್ಧದಲ್ಲಿ ಅಕ್ಷರ, ಕೆಳಗರ್ಧ ಖಾಲಿ. ಖಾಲಿ ಜಾಗ ಕಂಡರೆ ಮಾಮನಿಗೆ ಮೊದಲಿಂದಲೂ ಆಗುವುದಿಲ್ಲ. ಅಲ್ಲಿ ಏನೋ ಇತ್ತು, ಯಾರೋ ಅಳಿಸಿದ್ದಾರೆ ಎಂದೇ ಅವನ ಲೆಕ್ಕ. ಆ ಮೂಲೆಯಲ್ಲಿ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆ ಅಂಗಿಗಳ ಕಾಲರು ಹೊಲಿಯುತ್ತಿದ್ದಳು. ಇವರಿಬ್ಬರ ದನಿ ಏರಿದಾಗೆಲ್ಲ ಯಂತ್ರವನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದಳು.

ಮಾಮ ನೀರು ಸರಬರಾಜು ಇಲಾಖೆಯಲ್ಲಿ ಮೀಟರ್ ಓದುವವನು. ಇಪ್ಪತ್ತೆರಡು ವರ್ಷದಿಂದ ಮನೆಮನೆಯ ಗೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಡಬ್ಬಿಯ ಮುಚ್ಚಳ ತೆಗೆದು, ಗಾಜು ಒರೆಸಿ, ಅಂಕಿ ಬರೆದುಕೊಂಡವನು. ಬೀದಿಯವರಿಗೆಲ್ಲ ಅವನು ಮೀಟರ್ ಮಾಮ. ಆರು ವರ್ಷದ ಹಿಂದೆ ಭಾವ ತೀರಿಕೊಂಡ ಮೇಲೆ ಅಕ್ಕನ ಮನೆಗೇ ಬಂದು ಉಳಿದಿದ್ದ. ಇಷ್ಟು ವರ್ಷ ಜನ ನೀರು ಕದಿಯುವ ಬಗೆ ನೋಡಿ ನೋಡಿ ಅವನ ಕಣ್ಣಿಗೆ ಒಂದು ಅಭ್ಯಾಸ ಬಿದ್ದಿತ್ತು. ಹಾಲಿನ ಪೊಟ್ಟಣ ಬಂದರೆ ಬೆಳಕಿಗೆ ಹಿಡಿದು ನೋಡುತ್ತಿದ್ದ. ಗೋಡೆ ಗಡಿಯಾರ ನಿಂತರೆ ಯಾಕೆ ನಿಂತಿತು ಎಂದು ಕೇಳುತ್ತಿರಲಿಲ್ಲ, ಯಾರು ನಿಲ್ಲಿಸಿದರು ಎಂದು ಕೇಳುತ್ತಿದ್ದ.

ಹುಡುಗಿ ಡಿಗ್ರಿ ಎರಡನೇ ವರ್ಷ ಮುಗಿಸಿದ್ದಳು. ಮೂರನೇ ವರ್ಷದ ಫೀಸಿಗೆ ದಾರಿ ಇರಲಿಲ್ಲ. ಅಕ್ಕ ತಾನು ದುಡಿಯುವ ಯೂನಿಫಾರಂ ಕಾರ್ಖಾನೆಯ ಮೇಲ್ವಿಚಾರಕಿಯ ಹತ್ತಿರ ಆಗಲೇ ಮಾತಾಡಿಬಿಟ್ಟಿದ್ದಳು. ಗುಂಡಿ ಹಚ್ಚುವ ವಿಭಾಗದಲ್ಲಿ ಜಾಗ ಇದೆ, ಸೋಮವಾರದಿಂದ ಬರಬಹುದು ಎಂದಿದ್ದರು. ಅಷ್ಟರಲ್ಲಿ ಹುಡುಗಿ ಬೇರೆ ದಾರಿ ಹುಡುಕಿದ್ದಳು. ಕಾಲೇಜಿನಿಂದ ಎರಡು ನಿಲ್ದಾಣ ಆಚೆ, ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲಿನಲ್ಲಿ ಬಾಗಿಲ ಬಳಿ ಕೂರುವ ಕೆಲಸ. ಸಂಜೆ ಐದರಿಂದ ಒಂಬತ್ತು. ಸಂಬಳದ ಜೊತೆ ಒಂದು ಸಣ್ಣ ಕೋಣೆ, ಅದರಲ್ಲಿ ಒಂದು ಮಂಚ. ಶನಿವಾರ ನಾಲ್ಕಕ್ಕೆ ರೆಸ್ಯೂಮ್ ಹಿಡಿದು ಬಾ ಎಂದಿದ್ದರು. ಸಿಕ್ಕರೆ ಕಾಲೇಜು, ಸಿಗದಿದ್ದರೆ ಗುಂಡಿ. ಇವತ್ತು ಗುರುವಾರ.

"ನಾಲ್ಕು ಗಂಟೆ ಕೆಲಸಕ್ಕೆ ಮಂಚ ಯಾಕೆ ಕೊಡ್ತಾರೆ?" ಎಂದು ಮಾಮ ಕೇಳಿದ.

"ಮಲಗೋಕೆ," ಎಂದಳು ಹುಡುಗಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಓದುವವರು ಅವನನ್ನು ಕೆಟ್ಟವನೆಂದು ತಿಳಿದಾರು. ಆ ಕೆಲಸ ಅವಳಿಗೆ ಸಿಗಲಿ ಎಂದು ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಬಯಸಿದವನು ಮಾಮನೇ. ಅವಳಿಗೆ ಮಗ್ಗಿ ಹೇಳಿಕೊಟ್ಟವನು ಅವನು. ಗುಂಡಿ ಹಚ್ಚಲು ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಆ ಅರ್ಧ ಪುಟವನ್ನು ತಾನು ಸರಿಮಾಡುತ್ತೇನೆಂದು ಹಠ ಹಿಡಿದಿದ್ದ. ಹುಡುಗಿಯ ದುರದೃಷ್ಟಕ್ಕೆ, ಸರಿಮಾಡುವುದು ಎಂದರೆ ಅವನಿಗೆ ಗೊತ್ತಿದ್ದ ಬಗೆ ಒಂದೇ.

ಎಂಟು ವರ್ಷದ ಹಿಂದೆ ಒಂದು ಹೋಟೆಲಿನ ಮೀಟರಿಗೆ, ಅದು ಓಡದಂತೆ, ಅಯಸ್ಕಾಂತ ಅಂಟಿಸಿದ್ದನ್ನು ಅವನು ಕಣ್ಣಾರೆ ಕಂಡು ವರದಿ ಬರೆದಿದ್ದ. ಹೋಟೆಲಿನವನು, ನೋಡಿದವರು ಯಾರು ಎಂದ. ನಾನು, ಎಂದ ಮಾಮ. ಇನ್ನೊಬ್ಬರು ಯಾರು ಎಂದ. ಇನ್ನೊಬ್ಬರು ಇರಲಿಲ್ಲ. ಕೇಸು ಬಿದ್ದುಹೋಯಿತು, ಮಾಮನಿಗೆ ಎಚ್ಚರಿಕೆ ಪತ್ರ ಬಂತು. ಅಂದಿನಿಂದ ಅವನು ಮಹಜರಿಲ್ಲದೆ ಉಸಿರೂ ಬಿಡುವುದಿಲ್ಲ. ಸ್ಥಳದಲ್ಲೇ ಕಂಡದ್ದನ್ನು ಬರೆಯುವುದು, ನೆರೆಮನೆಯ ಇಬ್ಬರನ್ನು ಕರೆದು ಓದಿ ಹೇಳುವುದು, ಕೆಳಗೆ ಸಹಿ ಹಾಕಿಸುವುದು. ಸಹಿ ಬಿತ್ತೆಂದರೆ ದೇವರೂ ಅಲ್ಲಗಳೆಯುವ ಹಾಗಿಲ್ಲ.

"ನಿನ್ನ ಹಾಳೆಗೆ ಮಹಜರು ಮಾಡ್ತೀನಿ," ಎಂದ.

"ಅಮ್ಮ, ನೋಡು ಇವರನ್ನ," ಎಂದಳು ಹುಡುಗಿ. ಅಮ್ಮ ಯಂತ್ರ ತುಳಿದಳು.

ಆ ಸಂಜೆಯೇ ಪರೀಕ್ಷೆ ನಡೆಯಿತು. 'ಟೈಪಿಂಗ್ ಬರುತ್ತದೆ' ಎಂದು ಬರೆದಿದ್ದಳು. ಎಷ್ಟು ಬರುತ್ತದೆ ಎಂದು ಇರಲಿಲ್ಲ. ಫೋಟೋಕಾಪಿ ಅಂಗಡಿಗೆ ಕರೆದುಕೊಂಡು ಹೋಗಿ, ಗಡಿಯಾರ ಹಿಡಿದು ನಿಂತು, ನಿಮಿಷಕ್ಕೆ ಮೂವತ್ತೊಂದು ಪದ, ತಪ್ಪು ಎರಡು ಎಂದು ದಾಖಲಿಸಿದ. 'ಫೋನಿನಲ್ಲಿ ವಿನಯದಿಂದ ಮಾತಾಡುತ್ತೇನೆ' ಎಂದು ಬರೆದಿದ್ದಳು. ಮಾಮ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಬಾಯಿಗೆ ಕರವಸ್ತ್ರ ಅಡ್ಡ ಇಟ್ಟು, ಅಕ್ಕನ ಫೋನಿಗೆ ಕರೆ ಮಾಡಿ, ಯಾವುದೋ ಊರಿನ ಯಾರದೋ ಅಣ್ಣನಂತೆ ಮಾತಾಡಿದ. ಹುಡುಗಿ ಪೂರ್ತಿ ಕೇಳಿಸಿಕೊಂಡು, ನಿಮ್ಮ ಹಿಂದೆ ನಲ್ಲಿ ಸೋರ್ತಾ ಇದೆ ಮಾಮ, ಬಿಗಿಯಾಗಿ ತಿರುಗಿಸಿ ಬನ್ನಿ, ಎಂದು ಫೋನು ಇಟ್ಟಳು. ಮಾಮ ಹೊರಗೆ ಬಂದು ಬರೆದ: ಕಿವಿ ಚುರುಕು, ವಿನಯ ಸಾಲದು.

ಇದೆಲ್ಲ ಬರೆಯಲು ಅವಳ ಅರ್ಧ ಪುಟ ಸಾಲಲಿಲ್ಲ. ಅವಳ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಗೀಚಿ ಗೀಚಿ ಅದು ಗಾಯವಾದ ಹಾಗೆ ಕಾಣತೊಡಗಿದ ಮೇಲೆ, ಮಾಮ ತನ್ನ ಚೀಲದಿಂದ ಇಲಾಖೆಯ ಸ್ಥಳ ತನಿಖೆ ಫಾರಂಗಳನ್ನು ತೆಗೆದ. ಹಾಳೆ ಉದ್ದ, ಗಟ್ಟಿ, ಗೆರೆ ಹಾಕಿದ್ದು, ದುಡ್ಡು ಕೊಡಬೇಕಿಲ್ಲ. ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಇಲಾಖೆಯ ಹೆಸರಿತ್ತು. ಅದರ ಕೆಳಗೆ ಅಚ್ಚಾದ ಸಾಲುಗಳು: ಮೀಟರಿನ ಸ್ಥಿತಿ, ಸೋರಿಕೆ, ಅನಧಿಕೃತ ಜೋಡಣೆ. ಖಾಲಿ ಬಿಡುವುದು ಅವನ ಜಾಯಮಾನವಲ್ಲ ಎಂದು ಮೊದಲೇ ಹೇಳಿದೆ. ಸ್ಥಿತಿ: ಉತ್ತಮ. ಸೋರಿಕೆ: ಇಲ್ಲ. ಅನಧಿಕೃತ ಜೋಡಣೆ: ಇಲ್ಲ.

ಯಂತ್ರ ಮೊದಲ ಸಲ ನಿಂತಿತು. ಅಕ್ಕ ಎದ್ದು ಬಂದು ಆ ಕೊನೇ ಸಾಲನ್ನು ಓದಿ, ವಯಸ್ಸಿಗೆ ಬಂದ ಹುಡುಗಿ ವಿಷಯದಲ್ಲಿ ಇದೇನು ಬರೆದಿದ್ದೀಯೋ ಎಂದು ಕೇಳಿದಳು. ಇಲ್ಲ ಅಂತ ತಾನೇ ಬರೆದಿರೋದು, ಅದು ಒಳ್ಳೇದೇ ಅಲ್ವೇನಕ್ಕ, ಎಂದ ಮಾಮ.

ಹುಡುಗಿಯ ಅಂಕಪಟ್ಟಿಗಳನ್ನು ಹಿಂದೆ ಇಟ್ಟು ಗುಂಡುಸೂಜಿ ಚುಚ್ಚಿದಾಗ ಕಡತ ನಾಲ್ಕು ಪುಟವಾಗಿತ್ತು. ಸಹಿ ಮಾತ್ರ ಬಾಕಿ.

ಶುಕ್ರವಾರ ಸಂಜೆ ಮಾಮ ಅದನ್ನು ಹಿಡಿದು ಮೊದಲು ಕೆಳಮನೆಗೆ ಇಳಿದ. ಅಲ್ಲಿದ್ದವರು ಒಬ್ಬ ನಿವೃತ್ತ ಹೆಡ್‌ಕ್ಲರ್ಕು. ಮದುವೆ ಕರೆಯೋಲೆಯನ್ನೂ ಅಡಿಕೋಲು ಇಟ್ಟುಕೊಂಡು ಸಾಲುಸಾಲಾಗಿ ಓದುವ ಮನುಷ್ಯ. ಬಾಗಿಲು ತೆಗೆದವರು ಮಾಮನ ಮುಖ ನೋಡಿದರು, ಕೈಯಲ್ಲಿದ್ದ ಫಾರಮ್ಮಿನ ನೆತ್ತಿ ನೋಡಿದರು. ಅಡಿಕೋಲು ತರಲು ಹೋಗಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಕೂರು ಎನ್ನದವರು ಕುರ್ಚಿ ಎಳೆದು ಕೊಟ್ಟರು. ಹೆಂಡತಿಗೆ ಟೀ ಮಾಡಲು ಹೇಳಿದರು, ಹೇಳುವಾಗ ದನಿ ಕೀರಲಾಯಿತು.

ಯಾಕೆಂದರೆ ಹೆಡ್‌ಕ್ಲರ್ಕಿನ ಮೆಟ್ಟಿಲ ಕೆಳಗೆ, ಹಳೇ ಪೇಪರಿನ ಕಟ್ಟುಗಳ ಹಿಂದೆ, ಬೀದಿಯ ದೊಡ್ಡ ಪೈಪಿಗೇ ನೇರವಾಗಿ ಜೋಡಿಸಿದ ಒಂದು ಕಳ್ಳ ಮೋಟರಿತ್ತು. ಸಂಜೆ ನೀರು ಬಿಟ್ಟಾಗ ಅದನ್ನು ಹಾಕಿದರೆ ಅಕ್ಕಪಕ್ಕದವರ ಪಾಲೂ ಸೇರಿ ಇವರ ತೊಟ್ಟಿಗೆ ಬೀಳುತ್ತಿತ್ತು. ಹಾಲಿನ ಪೊಟ್ಟಣವನ್ನು ಬೆಳಕಿಗೆ ಹಿಡಿಯುವ ಮಾಮನ ಕಾಲಡಿಯಲ್ಲೇ ಅದು ಆರು ವರ್ಷ ಗುರ್ರೆಂದಿತ್ತು. ಅದು ಹೆಡ್‌ಕ್ಲರ್ಕಿನ ಗೊರಕೆ ಎಂದು ಅವನು ಪೂರ್ತಿ ನಂಬಿದ್ದ.

"ನಿಮಗೆ ಯಾವಾಗಿಂದ ಗೊತ್ತು?" ಎಂದು ಹೆಡ್‌ಕ್ಲರ್ಕು ಕೇಳಿದರು.

"ಹುಟ್ಟಿದಾಗಿಂದ ಗೊತ್ತಲ್ಲ ಸ್ವಾಮಿ. ನನ್ನ ಕಣ್ಣೆದುರಿಗೇ ಬೆಳೆದಿದ್ದು."

"ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ರಿ."

"ಇನ್ನು ಸುಮ್ಮನಿರೋಕೆ ಆಗೋದಿಲ್ಲ. ನಾಳೆ ನಾಲ್ಕಕ್ಕೆ ಮೇಲಿನವರ ಮುಂದೆ ಇದನ್ನ ಇಡಬೇಕು. ನೀವು ಏನು ಕಂಡಿದ್ದೀರೋ ಅಷ್ಟು ಬರೆದು ಸಹಿ ಹಾಕಿ, ಸಾಕು."

"ನಾನೇನೂ ಕಂಡಿಲ್ಲ," ಎಂದರು ಹೆಡ್‌ಕ್ಲರ್ಕು. "ಸಂಜೆ ಹೊತ್ತು ನಾನು ಒಳಗೇ ಇರ್ತೀನಿ. ಸಂಜೆ ಏನು ನಡೆಯುತ್ತೋ ನನಗೆ ಗೊತ್ತಿಲ್ಲ."

ಮಾಮನ ಕಿವಿ ನಿಮಿರಿತು. ಸಂಜೆ ಹೊತ್ತು ಏನು ನಡೆಯುತ್ತದೆ? ಕೇಳಿದರೆ ಹೆಡ್‌ಕ್ಲರ್ಕು ಪೆನ್ನು ಕಿತ್ತುಕೊಂಡು, 'ಸಂಜೆಯ ವಿಷಯ ನನಗೆ ತಿಳಿಯದು, ತಿಳಿಯಲು ಪ್ರಯತ್ನಿಸಿಯೂ ಇಲ್ಲ' ಎಂದು ಬರೆದು, ಉದ್ದಕ್ಕೆ ಸಹಿ ಎಳೆದು, ಕೆಳಗೆ ತಾರೀಖು ಹಾಕಿ, ಟೀ ಬರುವ ಮೊದಲೇ ಅವನನ್ನು ಬಾಗಿಲಿನ ತನಕ ಬಿಟ್ಟು ಬಂದರು.

ಎದುರಿಗೆ ಲಾಂಡ್ರಿ. ಲಾಂಡ್ರಿಯವನು ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ. ಫಾರಮ್ಮಿನ ನೆತ್ತಿ ಕಂಡೊಡನೆ ಕೈ ಅಲ್ಲೇ ನಿಂತಿತು, ಯಾರದೋ ಪ್ಯಾಂಟಿನ ಮಂಡಿಯಿಂದ ಹೊಗೆ ಎದ್ದಿತು. ಮಾಮ ವಿಷಯ ಬಿಡಿಸಿ ಹೇಳಲು ಬಾಯಿ ತೆರೆದ. ಲಾಂಡ್ರಿಯವನು ಅದಕ್ಕೆ ಎಡೆಯನ್ನೇ ಕೊಡಲಿಲ್ಲ. ತನಗೂ ಮಕ್ಕಳಿದ್ದಾರೆ, ಎಲ್ಲರೂ ಮಾಡುತ್ತಾರೆಂದು ತಾನೂ ಮಾಡಿದೆ, ಹೆಡ್‌ಕ್ಲರ್ಕೇ ಮೊದಲು ದಾರಿ ತೋರಿಸಿದ್ದು ಎಂದು ಏನೇನೋ ಗೊಣಗಿ, ಕಡತ ಎಳೆದುಕೊಂಡು, 'ತಪ್ಪಾಗಿದೆ, ಇನ್ನು ಮುಂದೆ ಆಗುವುದಿಲ್ಲ' ಎಂದು ಬರೆದು ಸಹಿ ಹಾಕಿದ. ಕಣ್ಣಲ್ಲಿ ನೀರಿತ್ತು. ಪ್ಯಾಂಟಿನ ಹೊಗೆಯೂ ಇದ್ದಿರಬಹುದು.

ಮಾಮ ಬೀದಿಯ ನಡುವೆ ನಿಂತು ಆ ಸಾಲನ್ನು ಎರಡು ಸಲ ಓದಿದ. ಅವನಿಗೆ ಹೊಳೆದದ್ದು ಇಷ್ಟು. ಇಷ್ಟು ದಿನ ಹುಡುಗಿಯ ಬಗ್ಗೆ ತನಗೆ ಗೊತ್ತಿಲ್ಲದ್ದು ಬೀದಿಗೆಲ್ಲ ಗೊತ್ತಿದೆ. ಅದರಲ್ಲಿ ಹೆಡ್‌ಕ್ಲರ್ಕಿನ ಕೈವಾಡವೂ ಇದೆ.

ಆದರೂ ತನಿಖೆಗೆ ಇಳಿದವನು ನಡುವೆ ನಿಲ್ಲಿಸುವಂತಿಲ್ಲ. ಇನ್ನೂ ಐದು ಮನೆ ಹತ್ತಿ ಇಳಿದ. ಅವನು ಮೂರನೆಯ ಮನೆ ತಲುಪುವ ಹೊತ್ತಿಗೆ ಸುದ್ದಿ ಏಳನೆಯ ಮನೆ ತಲುಪಿತ್ತು. ಜನ ಅವನು ಗಂಟೆ ಒತ್ತುವ ಮೊದಲೇ ಬಾಗಿಲು ತೆಗೆದು ಪೆನ್ನು ಹಿಡಿದು ನಿಂತಿದ್ದರು. ಒಬ್ಬರು 'ನಾನು ಬಾಡಿಗೆಯವನು, ಮಾಲೀಕರನ್ನು ಕೇಳಿ' ಎಂದು ಬರೆದರು. ಇನ್ನೊಬ್ಬರು 'ನಮ್ಮದು ತೆಗೆಸಿ ಎರಡು ವಾರವಾಯಿತು' ಎಂದು ಬರೆದರು. ಒಬ್ಬ ಮುದುಕಿ ಹೆಬ್ಬೆಟ್ಟು ಒತ್ತಿ, ನನ್ನೊಬ್ಬಳದ್ದೇ ಯಾಕೆ ಹಿಡಿಯುತ್ತೀಯಪ್ಪ, ಆ ಕೊನೇ ಮನೆಯವರದ್ದು ಎರಡಿದೆ, ಅದನ್ನು ನೋಡು ಎಂದು ಕಿವಿಯಲ್ಲಿ ಹೇಳಿದಳು.

ಮನೆಗೆ ಬಂದ ಮಾಮ ಚಪ್ಪಲಿಯನ್ನೂ ಬಿಚ್ಚದೆ ಹುಡುಗಿಯ ಮುಂದೆ ನಿಂತ.

"ಲಾಂಡ್ರಿಯವನಿಗೂ ನಿನಗೂ ಏನು?"

"ಏನಿರುತ್ತೆ?"

"ತಪ್ಪಾಗಿದೆ ಅಂತ ಅಳ್ತಾ ಬರ್ಕೊಟ್ಟಿದ್ದಾನೆ. ಏನು ತಪ್ಪು?"

ಹುಡುಗಿ ಯೋಚಿಸಿದಳು. "ಹೋದ ತಿಂಗಳು ನನ್ನ ಬಿಳಿ ಅಂಗಿ ನೀಲಿ ಮಾಡಿ ಕೊಟ್ಟ. ಅದೇ ಇರ್ಬೇಕು. ಪಾಪ, ಅಷ್ಟಕ್ಕೆ ಅಳಬಾರದಿತ್ತು."

"ಸಂಜೆ ಹೊತ್ತು ನೀನು ಏನು ಮಾಡ್ತೀಯ?"

"ನಿಮ್ಮ ಪ್ರಶ್ನೆಗೆ ಉತ್ತರ ಕೊಡ್ತೀನಿ," ಎಂದು ಹುಡುಗಿ ಕಡತವನ್ನು ಕಿತ್ತುಕೊಂಡು ಸಹಿಗಳ ಪುಟ ತೆಗೆದಳು. ಬೀದಿಯ ಏಳು ಮನೆಯವರು, ತಮ್ಮ ಸ್ವಂತ ಕೈಯಲ್ಲಿ, ಅವಳ ಬಗ್ಗೆ ತಮಗೇನೂ ಗೊತ್ತಿಲ್ಲ, ತಮ್ಮದೇನೂ ಪಾತ್ರವಿಲ್ಲ, ಇದ್ದದ್ದನ್ನು ತೆಗೆಸಿದ್ದೇವೆ, ಕ್ಷಮಿಸಿ ಎಂದು ಬರೆದುಕೊಟ್ಟಿದ್ದರು.

"ಮಾಮ," ಎಂದಳು ಕೊನೆಗೆ, ಬಹಳ ಮೆತ್ತಗೆ, "ಇದನ್ನ ತಗೊಂಡು ಹೋದ್ರೆ ನನಗೆ ಕೆಲಸ ಕೊಡೋದು ಹೋಗಲಿ, ಗೇಟಿಗೆ ಬೀಗ ಹಾಕ್ತಾರೆ."

ಆ ರಾತ್ರಿ ಊಟಕ್ಕೆ ಕೂತಾಗ ಬೀದಿಯಲ್ಲೆಲ್ಲ ಸ್ಪ್ಯಾನರಿನ ಸದ್ದು. ಕೆಳಗೆ ಕಟಕಟ, ಎದುರಿಗೆ ಟಣಟಣ. ಕಬ್ಬಿಣ ನೆಲಕ್ಕೆ ಬಿದ್ದ ದಡ್ ಎಂಬ ಶಬ್ದ, ಅದರ ಹಿಂದೆ ಹೆಡ್‌ಕ್ಲರ್ಕಿನ ಹೆಂಡತಿಯ ಬೈಗುಳ. ಯಾರೋ ಏನೋ ಬಿಚ್ಚಿಕೊಂಡು ಹೋಗುತ್ತಿದ್ದಾರೆ ಎಂದು ಮಾಮನಿಗೆ ಅನುಮಾನ ಬಂದು, ತನ್ನ ಮನೆಯ ಬಾಗಿಲಿಗೆ ಎರಡನೇ ಅಗುಳಿ ಹಾಕಿದ.

ಶನಿವಾರ ಮಾತ್ರ ನೀರಿನ ಸರದಿ ಬೆಳಿಗ್ಗೆ. ಆರಕ್ಕೆ ಬೀದಿಗೆ ನೀರು ಬಂತು. ಬಂತು ಎನ್ನುವುದಕ್ಕಿಂತ ನುಗ್ಗಿತು ಎನ್ನಬೇಕು. ಹನ್ನೊಂದು ಕಳ್ಳ ಮೋಟರುಗಳು ಕಿತ್ತುಹೋಗಿ, ಎಷ್ಟೋ ವರ್ಷದಿಂದ ಹನಿ ಹನಿಯಾಗಿ ಬರುತ್ತಿದ್ದ ನೀರು ಮೊದಲ ಸಲ ತನ್ನ ಪೂರ್ತಿ ಬಲದಲ್ಲಿ ಬಂದಿತ್ತು. ಮಾಮನ ಬಚ್ಚಲಿನ ನಲ್ಲಿಯ ಹಿಡಿ ಎಗರಿ ಗೋಡೆಗೆ ಬಡಿಯಿತು. ಮೇಲಿನ ತೊಟ್ಟಿ ತುಂಬಿ, ಮೆಟ್ಟಿಲಿಳಿದು, ಹೆಡ್‌ಕ್ಲರ್ಕಿನ ಹಳೇ ಪೇಪರಿನ ಕಟ್ಟುಗಳನ್ನು ಬೀದಿಯವರೆಗೆ ತೇಲಿಸಿಕೊಂಡು ಹೋಯಿತು. ಜನ ಬಕೆಟ್ಟು ಹಿಡಿದು ಹೊರಗೆ ಬಂದರು, ಮಾಮನನ್ನು ಕಂಡು ಕೈ ಮುಗಿದರು, ಅವನು ಅತ್ತ ತಿರುಗಿದೊಡನೆ ಹಲ್ಲು ಕಡಿದರು.

ಮಧ್ಯಾಹ್ನ ಎರಡೂವರೆಗೆ ಇಲಾಖೆಯ ಜೀಪು ಬಂತು. ಅದರಿಂದ ಎಂಜಿನಿಯರ್ ಇಳಿದ. ಈ ಒಂದು ಬೀದಿಯಲ್ಲಿ ಮಾತ್ರ ಒತ್ತಡ ಹೀಗೆ ಏರಿದ್ದು ಯಾಕೆಂದು ಹುಡುಕಿಕೊಂಡು ಬಂದವನಿಗೆ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಹನ್ನೊಂದು ಮೋಟರುಗಳು ಸಾಲಾಗಿ ಮಲಗಿದ್ದು ಕಂಡಿತ್ತು. ಯಾರ ಮೋಟರು ಎಂದು ಕೇಳಿದರೆ ಯಾರದ್ದೂ ಅಲ್ಲ. ಯಾಕೆ ಕಿತ್ತಿರಿ ಎಂದು ಕೇಳಿದರೆ ಎಲ್ಲರೂ ಮಾಮನ ಮನೆ ತೋರಿಸಿದ್ದರು.

ಎಂಜಿನಿಯರ್ ಅಡುಗೆಮನೆಯ ಮೇಜಿನ ಮುಂದೆ ಕೂತು ಕಡತ ಬಿಡಿಸಿದ. ಹಿಂದೆ ಹೆಡ್‌ಕ್ಲರ್ಕು, ಲಾಂಡ್ರಿಯವನು, ಬಾಗಿಲ ಹೊರಗೆ ಅರ್ಧ ಬೀದಿ. ಅಕ್ಕ ಕಾರ್ಖಾನೆಗೆ ಹೋಗಿದ್ದಳು. ಹುಡುಗಿ ಒಲೆಯ ಪಕ್ಕ ನಿಂತಿದ್ದಳು.

ಅವನು ಕೇಳಿದ್ದು ಇಷ್ಟು. ಯಾರ ಆದೇಶದ ಮೇಲೆ ಈ ಮಹಜರು? ಈ ಬೀದಿಯ ಮೀಟರನ್ನು ಆರು ವರ್ಷದಿಂದ ನೀನೇ ಓದುತ್ತಿದ್ದೀಯ, ಹನ್ನೊಂದು ಮೋಟರಿನಲ್ಲಿ ಒಂದನ್ನೂ ವರದಿ ಮಾಡಿಲ್ಲ. ನಿನ್ನೆ ಇದ್ದಕ್ಕಿದ್ದಂತೆ ಏಳು ಮನೆಗೆ ಹೋಗಿ ಸಹಿ ತಗೊಂಡಿದ್ದೀಯ. ಇಷ್ಟು ವರ್ಷ ಸುಮ್ಮನಿರೋಕೆ ಏನು ತಗೊಂಡೆ, ನಿನ್ನೆಯಿಂದ ಯಾಕೆ ಸಾಲಲಿಲ್ಲ?

"ನಾನು ಮೀಟರ್ ಓದೋನು ಸಾರ್, ಮೆಟ್ಟಿಲ ಕೆಳಗೆ ಓದೋನಲ್ಲ," ಎಂದ ಮಾಮ. ಎಲ್ಲರನ್ನೂ ಅನುಮಾನಿಸಿದ ಮನುಷ್ಯ, ತನ್ನನ್ನು ಅನುಮಾನಿಸಿದರೆ ಏನು ಹೇಳಬೇಕೆಂದು ಅಭ್ಯಾಸ ಮಾಡಿಕೊಂಡಿರಲಿಲ್ಲ. "ಮತ್ತೆ ಅದು ಮೋಟರಿನ ಮಹಜರಲ್ಲ. ಹುಡುಗಿಯದು."

ಎಂಜಿನಿಯರ್ ಮತ್ತೆ ಓದಿದ. ಸ್ಥಿತಿ ಉತ್ತಮ. ನಿಮಿಷಕ್ಕೆ ಮೂವತ್ತೊಂದು. ಸೋರಿಕೆ ಇಲ್ಲ. ತಲೆಯೆತ್ತಿ ಹುಡುಗಿಯನ್ನು ನೋಡಿದ, ಮೋಟರುಗಳಿದ್ದ ದಿಕ್ಕಿಗೆ ನೋಡಿದ. ಹನ್ನೊಂದು ಮೋಟರಿಗೂ ಈಕೆಗೂ ಏನು ಸಂಬಂಧ ಎಂದ.

"ರೆಸ್ಯೂಮ್ ಸಾರ್."

"ಯಾರ ರೆಸ್ಯೂಮು?"

"ಇವಳದ್ದು. ಕೆಲಸಕ್ಕೆ. ಸಂಜೆ ಹೊತ್ತಿನ ಕೆಲಸ."

ಬಾಗಿಲಲ್ಲಿದ್ದ ಹೆಡ್‌ಕ್ಲರ್ಕು ಕತ್ತು ಮುಂದೆ ಚಾಚಿದರು. ಲಾಂಡ್ರಿಯವನು ಅವರ ಮುಖ ನೋಡಿದ. ತಾವು ಕೈಯಾರೆ ಬರೆದು ಕೊಟ್ಟ ತಪ್ಪೊಪ್ಪಿಗೆ ಒಂದು ಹುಡುಗಿಯ ರೆಸ್ಯೂಮಿನ ಮೇಲೆ ಎಂದು ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ನಂಬಬೇಡಿ ಸಾರ್, ಇದೊಂದು ನಾಟಕ, ನಮ್ಮ ಕೈಯಲ್ಲಿ ಸಹಿ ಹಾಕಿಸಿಕೊಳ್ಳೋಕೆ ಮಾಡಿದ್ದು, ಎಂದು ಲಾಂಡ್ರಿಯವನು ಕೂಗಿದ. ಅಲ್ಲಿಂದ ಬೀದಿಗೆಲ್ಲ ಒಮ್ಮೆಲೇ ಬಾಯಿ ಬಂತು.

ಈ ಗಲಾಟೆಯಲ್ಲಿ ಹುಡುಗಿ ಮೇಜಿನ ಹತ್ತಿರ ಬಂದಳು. ಎಂಜಿನಿಯರಿನ ಕೈಯಲ್ಲಿದ್ದ ಕಡತದಿಂದ ಗುಂಡುಸೂಜಿ ಕಿತ್ತು ತನ್ನ ಅಂಕಪಟ್ಟಿಗಳನ್ನು ಮಾತ್ರ ತೆಗೆದುಕೊಂಡಳು. ಕಿಟಕಿಯ ಕಟ್ಟೆಯ ಮೇಲೆ ಒಂದು ಬಿಳಿ ಹಾಳೆ ಇಟ್ಟು ಹೆಸರು, ಓದು, ಟೈಪಿಂಗು, ವಿಚಾರಿಸಲು ಒಂದು ಫೋನ್ ನಂಬರು ಬರೆದಳು. ಅಮ್ಮನ ಫೋನು ಕಾರ್ಖಾನೆಯ ಗೇಟಿನಲ್ಲೇ ಇಟ್ಟುಹೋಗಬೇಕಾದ್ದರಿಂದ ಬೇರೆ ದಾರಿಯಿಲ್ಲದೆ ಮಾಮನ ನಂಬರು ಹಾಕಿದಳು. ಮತ್ತೆ ಅರ್ಧ ಪುಟವೇ ಆಯಿತು. ಮೂರು ಗಂಟೆಗೆ ಚಪ್ಪಲಿ ಮೆಟ್ಟಿ, ಅರ್ಧ ಬೀದಿಯನ್ನು ಮೊಣಕೈಯಿಂದ ಸರಿಸಿಕೊಂಡು ಇಳಿದು ಹೋದಳು. ಆ ಹುಡುಗಿ ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ಎಂಜಿನಿಯರ್ ಅನುಮಾನದಿಂದ ಕೇಳಿದ. ಮಾಮ ಆಗ ಲಾಂಡ್ರಿಯವನ ಜೊತೆ ಜಗಳಕ್ಕೆ ಬಿದ್ದಿದ್ದ.

ನಾಲ್ಕೂಕಾಲಿಗೂ ವಿಚಾರಣೆ ಮುಗಿದಿರಲಿಲ್ಲ. ಆಗ ಮಾಮನ ಫೋನು ಹೊಡೆದುಕೊಂಡಿತು.

ಒಂದು ಹೆಂಗಸಿನ ದನಿ. ಹುಡುಗಿಯ ಹೆಸರು ಹೇಳಿ, ನಿಮ್ಮ ಮನೆ ಹುಡುಗಿ ಬಗ್ಗೆ ಎರಡು ಮಾತು ಕೇಳಬೇಕಿತ್ತು ಎಂದಿತು.

ಮಾಮ ಎಂಜಿನಿಯರನ್ನು ನೋಡಿದ. ಎಂಜಿನಿಯರ್ ಅವನನ್ನೇ ನೋಡುತ್ತಿದ್ದ. ಇದು ಇಲಾಖೆಯ ಬಲೆ ಎಂದು ಮಾಮನಿಗೆ ಖಾತ್ರಿಯಾಯಿತು.

"ಯಾವ ಹುಡುಗಿ? ನಮ್ಮನೇಲಿ ಹುಡುಗಿ ಇದಾಳೆ ಅಂತ ನಿಮಗೆ ಯಾರು ಹೇಳಿದ್ರು?"

ದನಿ ತಾನು ಹಾಸ್ಟೆಲಿನ ವಾರ್ಡನ್ ಎಂದಿತು.

"ಹಂಗಂತ ಯಾರು ಬೇಕಾದ್ರೂ ಹೇಳಬಹುದು. ನಾನೂ ವಾರ್ಡನ್ ಅಂತ ಹೇಳಬಹುದು. ಹಾಸ್ಟೆಲಾದ್ರೆ ಗೇಟಿನ ಪಕ್ಕ ನೀರಿನ ಮೀಟರಿರುತ್ತೆ. ಅದರ ನಂಬರ್ ಹೇಳಿ ನೋಡೋಣ."

ಫೋನಿನ ಆ ಕಡೆ ಚಪ್ಪಲಿ ನಡೆದ ಶಬ್ದ, ಡಬ್ಬಿಯ ಮುಚ್ಚಳ ತೆಗೆದ ಶಬ್ದ. ದನಿ ಏಳು ಅಂಕಿ ಓದಿತು.

"ಅದೇನು ಮಹಾ," ಎಂದ ಮಾಮ. "ರಸ್ತೇಲಿ ನಿಂತು ಯಾರು ಬೇಕಾದ್ರೂ ಓದಬಹುದು. ನೋಡಿಮ್ಮ, ನಮ್ಮನೇಲಿ ಯಾರಿದ್ದಾರೆ, ಎಷ್ಟು ಜನ, ಯಾವಾಗ ಬರ್ತಾರೆ, ಯಾವಾಗ ಹೋಗ್ತಾರೆ, ಒಂದನ್ನೂ ಫೋನಿನಲ್ಲಿ ಹೇಳೋದಿಲ್ಲ. ಆ ಹೆಸರಿನವರು ಯಾರೂ ನಮಗೆ ಗೊತ್ತಿಲ್ಲ. ಇನ್ನೊಂದ್ಸಲ ಮಾಡಿದ್ರೆ ನಿಮ್ಮ ನಂಬರ್ ಕೊಟ್ಟು ದೂರು ಬರೀತೀನಿ."

ಫೋನಿಟ್ಟು ಎಂಜಿನಿಯರಿನ ಕಡೆ ಹೆಮ್ಮೆಯಿಂದ ನೋಡಿದ.

"ಅಲ್ಲಯ್ಯ," ಎಂದ ಎಂಜಿನಿಯರ್, "ಆ ಹುಡುಗಿ ಕೆಲಸ ಕೇಳೋಕೆ ಹೋದ ಜಾಗದೋರಲ್ವೇನಯ್ಯ ಅವರು?"

ಮಾಮ ಫೋನನ್ನು ತಿರುಗಿಸಿ ನೋಡಿದ, ಮೇಜಿನ ಮೇಲಿಟ್ಟ, ಮತ್ತೆ ಎತ್ತಿಕೊಂಡ. ಆ ನಂಬರಿಗೆ ಮೂರು ಸಲ ಕರೆ ಮಾಡಿದ. ಮೂರು ಸಲವೂ ಯಾರೂ ಎತ್ತಲಿಲ್ಲ. ಎದ್ದು ನಿಂತ. ವಿಚಾರಣೆ ಮುಗಿದಿಲ್ಲ ಎಂದ ಎಂಜಿನಿಯರಿಗೆ, ಸೋಮವಾರ ಹತ್ತಕ್ಕೆ ಬಂದು ಏನು ಬೇಕಾದ್ರೂ ಬರ್ಕೊಡ್ತೀನಿ ಸಾರ್, ಸಸ್ಪೆಂಡ್ ಮಾಡೋದಾದ್ರೆ ಅದಕ್ಕೂ ಸಹಿ ಹಾಕ್ತೀನಿ, ಎಂದು ಹೇಳಿ ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಎಂಜಿನಿಯರ್ ತಡೆಯಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಹೆಡ್‌ಕ್ಲರ್ಕು ಸದ್ದಿಲ್ಲದೆ ತಮ್ಮ ಸಹಿಯ ಪುಟ ಹರಿಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತ್ತು.

ಬಸ್ಸಿನಲ್ಲಿ ಮಾಮ ನಿಂತೇ ಹೋದ, ಸೀಟು ಖಾಲಿ ಇತ್ತು. ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಟಿಕೆಟ್ಟಿಗೆ ನೋಟು ಕೊಟ್ಟ, ಚಿಲ್ಲರೆ ಎಣಿಸಲಿಲ್ಲ. ಅವನ ಜೀವನದಲ್ಲಿ ಅದೇ ಮೊದಲು. ವಾರ್ಡನ್ನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ. ಅಮ್ಮಾ, ತಪ್ಪು ನನ್ನದು, ಹುಡುಗಿ ಒಳ್ಳೆಯವಳು. ಹುಡುಗಿ ಒಳ್ಳೆಯವಳು, ತಪ್ಪು ನನ್ನದು.

ಹಾಸ್ಟೆಲಿನ ಗೇಟು ದಾಟಿ, ಮೂರು ಮೆಟ್ಟಿಲು ಹತ್ತಿ, ಗಾಜಿನ ಬಾಗಿಲು ತಳ್ಳಿದ. ಐದೂಮುಕ್ಕಾಲು. ಎದುರಿಗೆ ಉದ್ದದ ಮೇಜು, ಮೇಜಿನ ಮೇಲೆ ದಪ್ಪ ರಿಜಿಸ್ಟರು, ಒಂದು ಕಪ್ಪು ಫೋನು. ಮೇಜಿನ ಹಿಂದೆ ಅಕ್ಕನ ಮಗಳು ಕೂತಿದ್ದಳು.

ಮಾಮ ಬಾಯಿಪಾಠ ಮಾಡಿದ್ದನ್ನು ಅವಳಿಗೇ ಒಪ್ಪಿಸಲು ಶುರು ಮಾಡಿದ. ಹುಡುಗಿ ಕೈ ಎತ್ತಿ ತಡೆದಳು. ನಡೆದದ್ದನ್ನು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ವಾರ್ಡನ್ನಮ್ಮ ಮೀಟರ್ ಓದಿ ಒಳಗೆ ಬಂದವರು ಕುರ್ಚಿಯಲ್ಲಿ ಕೂತು ವಿಷಯ ಬಿಡಿಸಿ ಹೇಳಿದರಂತೆ. ಈ ಹಾಸ್ಟೆಲಿಗೆ ದಿನಕ್ಕೆ ಇಪ್ಪತ್ತು ಫೋನು ಬರುತ್ತವೆ, ಅಣ್ಣ ಅಂತ, ಮಾವ ಅಂತ, ಆಫೀಸಿನವರು ಅಂತ, ಯಾವ ಹುಡುಗಿ ಯಾವ ಕೋಣೆ ಎಂದು ಕೇಳಿಕೊಂಡು. ಹಿಂದೆ ಇದ್ದವಳು ಪಾಪ ಎಂದು ಎಲ್ಲ ಹೇಳಿಬಿಡುತ್ತಿದ್ದಳು, ಅದಕ್ಕೇ ಅವಳನ್ನು ಬಿಡಿಸಿದ್ದು. ನಿಮ್ಮನೆಯವರ ಬಾಯಿಂದ ನಿನ್ನ ಹೆಸರನ್ನು ಹೌದು ಅನ್ನಿಸೋಕೂ ನನ್ನ ಕೈಲಾಗಲಿಲ್ಲ, ಆ ಮನೇಲಿ ಬೆಳೆದಿದ್ದೀಯಲ್ಲ, ಅಷ್ಟು ಸಾಕು, ಇವತ್ತೇ ಕೂರ್ತೀಯಾ ಎಂದರಂತೆ. ಹಾಳೆಯಲ್ಲಿ ಫೋನ್ ನಂಬರು ಬಿಟ್ಟು ಬೇರೇನನ್ನೂ ಓದದೆ ಮಡಿಚಿಟ್ಟರಂತೆ.

"ಹಂಗಾದ್ರೆ ಕೆಲಸ ಆಯ್ತಾ?"

"ಆಯ್ತು. ಕಾಲೇಜಿಗೂ ಇಲ್ಲಿಂದಲೇ ಹೋಗ್ತೀನಿ. ಅಮ್ಮನ ಕಾರ್ಖಾನೆ ಐದಕ್ಕೆ ಬಿಡ್ತಲ್ಲ, ಆಗಲೇ ಫೋನ್ ಮಾಡಿ ಹೇಳಿದೀನಿ, ಬಟ್ಟೆ ತರ್ತಾಳೆ."

ಮಾಮ ಮೇಜಿನ ಅಂಚು ಹಿಡಿದುಕೊಂಡು ಉಸಿರು ಬಿಟ್ಟ. ಉಸಿರು ಬಿಟ್ಟು ಮುಗಿಯುವಷ್ಟರಲ್ಲೇ ಅವನ ಕಣ್ಣು ಒಳಗಿನ ಕಾರಿಡಾರಿನ ಕಡೆ ತಿರುಗಿತ್ತು. ಕೋಣೆ ಎಲ್ಲಿದೆ, ಬಾಗಿಲಿಗೆ ಚಿಲಕ ಒಂದೋ ಎರಡೋ, ಕಿಟಕಿಗೆ ಸರಳಿದೆಯೋ, ಮಂಚದ ಕೆಳಗೆ ಏನಿದೆ ಎಂದು ನೋಡಿ ಬರುತ್ತೇನೆ ಎಂದು ಎರಡು ಹೆಜ್ಜೆ ಹಾಕಿದ.

ಹುಡುಗಿ ಎದ್ದು ನಿಂತಳು.

"ಒಳಗೆ ಹೋಗೋ ಹಾಗಿಲ್ಲ ಮಾಮ. ಇಲ್ಲೇ ನಿಂತು ಮಾತಾಡೋದಿದ್ರೂ ರಿಜಿಸ್ಟರಿನಲ್ಲಿ ಬರೀಬೇಕು. ಗುರುತಿನ ಕಾರ್ಡ್ ಕೊಡಿ."

"ನನ್ನ ಗುರುತು ನಿನಗೆ ಬೇಕಾ?"

"ನನಗೆ ಬೇಡ, ರಿಜಿಸ್ಟರಿಗೆ ಬೇಕು."

"ನಿನಗೆ ಮಗ್ಗಿ ಹೇಳಿಕೊಟ್ಟಿದ್ದು ನಾನು ಕಣೇ."

"ಹದಿಮೂರರ ತನಕ ಬರುತ್ತೆ," ಎಂದಳು ಹುಡುಗಿ, ಕಣ್ಣು ಮಿಟುಕಿಸದೆ. "ಕಾರ್ಡ್."

ಒಳಗೆ ಬರುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. ಮಾಮ ಅಂಗಿಯ ಜೇಬು ತಟ್ಟಿದ, ಪ್ಯಾಂಟಿನ ಜೇಬು ತಟ್ಟಿದ. ಅವಸರದಲ್ಲಿ ಬಂದೆ, ಮನೇಲೇ ಬಿಟ್ಟಿದ್ದೀನಿ, ಒಂದು ಗಂಟೇಲಿ ತಗೊಂಡು ಬರ್ತೀನಿ, ನೋಡೇ ಹೋಗೋದು, ಎಂದ. ಹುಡುಗಿ ಗಡಿಯಾರ ನೋಡಿ, ಏಳೂವರೆಯ ಮೇಲೆ ಭೇಟಿ ಇಲ್ಲ ಎಂದಳು. ಅಷ್ಟರೊಳಗೇ ಬರುತ್ತೇನೆ ಎಂದು ಬಾಗಿಲು ತಳ್ಳಿ ಹೊರಟ.

ನಿಲ್ದಾಣ ರಸ್ತೆಯ ಆಚೆಗೇ ಇತ್ತು. ಚಿಲ್ಲರೆಗೆಂದು ಒಳಜೇಬಿಗೆ ಕೈ ಹಾಕಿದಾಗ ಬೆರಳಿಗೆ ಕಾರ್ಡು ಸಿಕ್ಕಿತು. ಇಲಾಖೆಯದ್ದೇ, ಫೋಟೋ ಇದ್ದದ್ದು, ಸೀಲು ಇದ್ದದ್ದು. ಮಾಮ ಅದನ್ನು ಹಿಡಿದು ಹಾಸ್ಟೆಲಿನ ಕಡೆ ಒಂದು ಹೆಜ್ಜೆ ಇಟ್ಟ.

ಗಾಜಿನ ಬಾಗಿಲಿನಲ್ಲಿ ಟೈ ಕಟ್ಟಿದ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಕೈ ಆಡಿಸುತ್ತ, ನಗುತ್ತ, ಒಳಗೆ ಯಾರನ್ನೋ ತೋರಿಸುತ್ತ ಏನೋ ಹೇಳುತ್ತಿದ್ದ. ಹುಡುಗಿ ಒಂದು ಕೈಯನ್ನು ರಿಜಿಸ್ಟರಿನ ಮೇಲಿಟ್ಟು ಇನ್ನೊಂದನ್ನು ಮುಂದೆ ಚಾಚಿ ಕೂತೇ ಇದ್ದಳು. ಆ ಮನುಷ್ಯ ನಗು ನಿಲ್ಲಿಸಿದ. ಇನ್ನೂ ಸ್ವಲ್ಪ ಹೊತ್ತು ನಿಂತ. ಆಮೇಲೆ ಮೆಟ್ಟಿಲಿಳಿದು ಬಂದು ಕಾರು ಹತ್ತಿದ.

ಬಸ್ಸು ಬಂತು. ಮಾಮ ಕಾರ್ಡನ್ನು ಒಳಜೇಬಿನ ತಳಕ್ಕೆ ತುರುಕಿ, ಮೇಲೆ ಕರವಸ್ತ್ರ ಇಟ್ಟು, ಹತ್ತಿ ಕೂತ.

ಏಳೂವರೆಗೆ ಹುಡುಗಿ ಆ ದಿನದ ಸಾಲಿನ ಕೆಳಗೆ ಅಡ್ಡಗೆರೆ ಎಳೆದಳು. ಮಾಮ ಬಂದಿರಲಿಲ್ಲ.